ಮಗಳು ಬರೆದ ತಂದೆಯ ಚಿತ್ರ

“ಏನು ಸ್ವಾಮಿ, ಈ ವಯಸ್ಸಿನಲ್ಲಿ ಬೊಂಬೆ ಪುಸ್ತಕ ಹಿಡಿದಿದ್ದೀರಲ್ಲ!” ಎಂದರು ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರೊಬ್ಬರು. ನಾನು ನಕ್ಕು ಸುಮ್ಮನಾದೆ. ಪುಸ್ತಕವೇನೋ ಬೊಂಬೆಗಳದ್ದೇ. ಹಿಂದಿನ ರಾತ್ರಿ ಅದು ನನ್ನ ನಿದ್ದೆ ಕೆಡಿಸಿತ್ತೆಂದು ಅವರಿಗೆ ಹೇಳುವುದು ಹೇಗೆ?

ಅದರ ಹೆಸರು ‘ಫನ್ ಹೋಮ್’. 2006ರಲ್ಲಿ ಪ್ರಕಟವಾದದ್ದು. ಬರೆದು ಚಿತ್ರಿಸಿದವರು ಅಮೆರಿಕದ ಆಲಿಸನ್ ಬೆಕ್‌ಡೆಲ್. ಆಕೆ ಹುಟ್ಟಿದ್ದು 1960ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ತಾನು ಹೆಣ್ಣನ್ನು ಪ್ರೀತಿಸುವ ಹೆಣ್ಣು ಎಂಬುದನ್ನು ಮುಚ್ಚಿಡದೆ, ಅದನ್ನೇ ಕಲೆಯ ವಸ್ತುವಾಗಿ ಮಾಡಿಕೊಂಡವರು. 1983ರಿಂದ 2008ರವರೆಗೆ ಅಂಥ ಗೆಳತಿಯರ ಗುಂಪೊಂದರ ಕಥೆಯನ್ನು ವ್ಯಂಗ್ಯಚಿತ್ರಮಾಲೆಯಾಗಿ ಸಣ್ಣ ಸಣ್ಣ ಪತ್ರಿಕೆಗಳಿಗೆ ಬರೆದರು. ಅವರ ಪ್ರೇಮ, ಜಗಳ, ಚುನಾವಣೆಯ ಚರ್ಚೆ, ಮೆರವಣಿಗೆ, ದೊಡ್ಡ ಅಂಗಡಿಗಳ ಪೈಪೋಟಿಗೆ ಸಿಕ್ಕಿ ಮುಚ್ಚಿಹೋಗುವ ಪುಸ್ತಕದಂಗಡಿ, ಎಲ್ಲವೂ ಅದರಲ್ಲಿದೆ. ಇಂಥವರಿಗೂ ಮನೆ ಮಠ, ಚಿಂತೆ, ಚೇಷ್ಟೆಗಳುಂಟೆಂದು ಕಾಲು ಶತಮಾನ ಬೇಸರಿಸದೆ ತೋರಿಸುತ್ತಿದ್ದುದೂ ಒಂದು ಹೋರಾಟವೇ ಸರಿ.

ಆ ಮಾಲೆಯಲ್ಲಿ 1985ರದೊಂದು ಚಿತ್ರವಿದೆ. ಇಬ್ಬರು ಹೆಂಗಸರು ಸಿನಿಮಾಕ್ಕೆ ಹೊರಟಿದ್ದಾರೆ. ಒಬ್ಬಳದು ಒಂದು ನಿಯಮ: ಚಿತ್ರದಲ್ಲಿ ಇಬ್ಬರಾದರೂ ಹೆಂಗಸರಿರಬೇಕು, ಅವರು ತಮ್ಮತಮ್ಮಲ್ಲಿ ಮಾತಾಡಬೇಕು, ಆ ಮಾತು ಗಂಡಸಿನ ವಿಷಯ ಬಿಟ್ಟು ಬೇರೆ ಏನಾದರೂ ಆಗಿರಬೇಕು. ಅಂಥ ಚಿತ್ರ ಸಿಕ್ಕದೆ ಇಬ್ಬರೂ ಪಾಪ್‌ಕಾರ್ನ್ ಮಾಡಿಕೊಂಡು ತಿನ್ನೋಣವೆಂದು ಮನೆಗೆ ಹೊರಡುತ್ತಾರೆ. ಇದು ಗೆಳತಿಯೊಬ್ಬಳ ಯೋಚನೆಯೆಂದು ಬೆಕ್‌ಡೆಲ್ ಒಪ್ಪಿಕೊಂಡಿದ್ದರೂ, ಲೋಕ ಇದನ್ನು ‘ಬೆಕ್‌ಡೆಲ್ ಪರೀಕ್ಷೆ’ ಎಂದೇ ಕರೆಯುತ್ತದೆ. ನಮ್ಮ ತರಗತಿಯಲ್ಲಿ ಹುಡುಗರು ಆ ವಾರ ನೋಡಿದ ಸಿನಿಮಾಗಳಿಗೆ ಇದನ್ನು ಹಚ್ಚಿ ನೋಡಿದೆವು. ಹೆಂಗಸರ ಮಾತೇನೋ ಬೇಕಾದಷ್ಟಿತ್ತು. ಎಲ್ಲ ವರನದು, ಇಲ್ಲವೆ ಗಂಡನದು! ಮೊದಲು ನಕ್ಕವರು ಹುಡುಗಿಯರು.

‘ಫನ್ ಹೋಮ್’ ನಗುವಿನ ಪುಸ್ತಕವಲ್ಲ. ಆಕೆಯ ತಂದೆ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರು. ಜೊತೆಗೆ ಹಿರಿಯರಿಂದ ಬಂದ, ಶವಸಂಸ್ಕಾರಕ್ಕೆ ಅಣಿಮಾಡುವ ‘ಫ್ಯೂನರಲ್ ಹೋಮ್’ ನೋಡಿಕೊಳ್ಳುತ್ತಿದ್ದವರು. ಮಕ್ಕಳ ಬಾಯಲ್ಲಿ ಅದು ‘ಫನ್ ಹೋಮ್’ ಆಯಿತು. ಹಳೆಯ ಮನೆಯನ್ನು ಸಿಂಗರಿಸುವ ಹುಚ್ಚು ಅವರಿಗೆ. ಮಕ್ಕಳನ್ನು ಹತ್ತಿರ ಕರೆಯುವುದು ಮಾತ್ರ ಅಪರೂಪ. ತಂದೆಮಗಳ ನಡುವೆ ಮಾತು ನಡೆಯುತ್ತಿದ್ದುದು ಪುಸ್ತಕಗಳ ಮೂಲಕ. 1980ರಲ್ಲಿ, ಕಾಲೇಜಿನಲ್ಲಿದ್ದ ಮಗಳು ತನ್ನ ಒಲವಿನ ನಿಜವನ್ನು ಮನೆಗೆ ಕಾಗದ ಬರೆದು ತಿಳಿಸಿದಳು. ಆಮೇಲೆ ತಾಯಿಯಿಂದ ತಿಳಿದದ್ದು ಇನ್ನೊಂದು ನಿಜ: ತಂದೆಗೂ ಗಂಡಸರ ಸಂಗವಿತ್ತು. ಕೆಲವೇ ತಿಂಗಳಲ್ಲಿ ಅವರು ಲಾರಿಗೆ ಸಿಕ್ಕಿ ತೀರಿಕೊಂಡರು. ಅಪಘಾತವೋ, ಬೇಕೆಂದೇ ಮಾಡಿದ್ದೋ, ಮಗಳ ಸಂಶಯ ತೀರಿಲ್ಲ. ಆಗ ಅವರಿಗೆ 44 ವರ್ಷ. ನನಗೂ ಈಗ ಅಷ್ಟೇ, ನಾನೂ ಮೇಷ್ಟರು. ನನ್ನ ಮಗಳ ಜೊತೆಗೂ ಪುಸ್ತಕದ ಮಾತೇ ಹೆಚ್ಚು. ನಿದ್ದೆ ಕೆಟ್ಟದ್ದು ಅದಕ್ಕೇ.

ಈ ಪುಸ್ತಕಕ್ಕೆ ಹಿಡಿದದ್ದು ಸುಮಾರು ಏಳು ವರ್ಷ. ಚಿತ್ರದಲ್ಲಿ ಬರುವವರ ಭಂಗಿಯಲ್ಲಿ ಬೆಕ್‌ಡೆಲ್ ತಾವೇ ನಿಂತು ಫೋಟೋ ತೆಗೆದುಕೊಂಡು, ಅದನ್ನು ನೋಡಿ ಬರೆಯುತ್ತಿದ್ದರಂತೆ. ಎಂದರೆ, ಸತ್ತ ತಂದೆಯ ಹಾಗೆ ಎಷ್ಟು ಸಲ ನಿಂತಿರಬೇಕು! ಹಳೆಯ ಕಾಗದಗಳ ಕೈಬರಹವನ್ನೂ ಕೈಯಲ್ಲೇ ನಕಲು ಮಾಡಿದ್ದಾರೆ.

ಮುಂದೆ ಮನ್ನಣೆ ಬಂತು. 2014ರಲ್ಲಿ ಮೆಕಾರ್ಥರ್ ಫೆಲೋಷಿಪ್, 2015ರಲ್ಲಿ ಈ ಕಥೆಯ ಸಂಗೀತ ನಾಟಕಕ್ಕೆ ಟೋನಿ ಪ್ರಶಸ್ತಿ. ಅದೇ 2014ರಲ್ಲಿ ದಕ್ಷಿಣ ಕ್ಯಾರೊಲೈನಾದ ಶಾಸನಸಭೆಯಲ್ಲಿ, ಇದನ್ನು ಹೊಸ ವಿದ್ಯಾರ್ಥಿಗಳ ಓದಿಗೆ ಇಟ್ಟ ಕಾಲೇಜಿನ ಅನುದಾನದಲ್ಲಿ 52,000 ಡಾಲರ್ ಕಡಿಯಬೇಕೆಂದು ಕೆಳಮನೆ ಮತ ಹಾಕಿತು. ಪಠ್ಯ ಆರಿಸುವ ಕೆಲಸದವನಾದ ನನಗೆ ಆ ಲೆಕ್ಕ ಚೆನ್ನಾಗಿ ನೆನಪಿದೆ.

ತರಗತಿಯಲ್ಲಿ ನಿಯಮದ ಮಾತು ನಡೆದ ದಿನ ವಿದ್ಯಾರ್ಥಿನಿಯೊಬ್ಬಳು ಹಿಂದೆ ಉಳಿದು, “ಸಾರ್, ಆ ಪುಸ್ತಕ ಸಿಕ್ಕೀತೆ?” ಎಂದಳು. ಕೊಟ್ಟೆ. ಮೂರು ವಾರದ ಮೇಲೆ ಹಿಂದಕ್ಕೆ ತಂದಳು. ವೃತ್ತಪತ್ರಿಕೆಯ ಕಾಗದದಿಂದ ಅಚ್ಚುಕಟ್ಟಾಗಿ ಹೊದಿಕೆ ಹಾಕಿದ್ದಳು. ಪುಸ್ತಕ ಮಾಸದಿರಲೆಂದೋ, ಹೆಸರು ಕಾಣದಿರಲೆಂದೋ, ನಾನು ಕೇಳಲಿಲ್ಲ. “ಇದೇ ಥರದ್ದು ಇನ್ನೊಂದು ಇದೆಯೇ ಸಾರ್?” ಎಂದಳು. ತಾಯಿಯನ್ನು ಕುರಿತು ಬೆಕ್‌ಡೆಲ್ 2012ರಲ್ಲಿ ಬರೆದದ್ದು ಮನೆಯಲ್ಲಿತ್ತು. ನಾಳೆ ತರುತ್ತೇನೆಂದೆ.