ಬಾಡಿಗೆಯಿಲ್ಲದ ಮನೆ

ಮುಂಬಯಿಯಲ್ಲಿ ಬಾಡಿಗೆಯಿಲ್ಲದೆ ಯಾರೂ ಯಾರಿಗೂ ಜಾಗ ಕೊಡುವುದಿಲ್ಲವೆಂಬುದನ್ನು, ಮಾಟುಂಗಾದ ಚಾಳಿನಲ್ಲಿ ಹನ್ನೊಂದು ವರ್ಷ ಕಳೆದ ನಾವು ಚೆನ್ನಾಗಿ ಬಲ್ಲೆವು. ಆದರೂ 2001ರಲ್ಲಿ ಆಫೀಸಿನ ಹುಡುಗನೊಬ್ಬ 'ಪುಕ್ಕಟೆ ಸಾರ್, ಒಂದು ಪೈಸೆ ಬೇಡ' ಎಂದು ಇ-ಮೇಲ್ ಖಾತೆ ತೆರೆದುಕೊಟ್ಟಾಗ ನಮಗೆ ಎಳ್ಳಷ್ಟೂ ಸಂಶಯ ಬರಲಿಲ್ಲ.

ಆ ಖಾತೆಗೆ ಪತ್ರ ಬರೆಯುತ್ತಿದ್ದವಳು ಮುಖ್ಯವಾಗಿ ಧಾರವಾಡದ ನಮ್ಮ ಅಕ್ಕ. ಮೊಮ್ಮಗನನ್ನು ಕರೆದುಕೊಂಡು ಸೈಬರ್ ಕೆಫೆಗೆ ಹೋಗಿ, ತಾನು ಹೇಳುತ್ತ ಅವನಿಂದ ಬರೆಯಿಸುವಳು. ಮಾತು ಕನ್ನಡ, ಅಕ್ಷರ ಇಂಗ್ಲಿಷು. 'ಹಳ್ಳಿಗೆ ಹೋಗಿದ್ದೆ' ಎಂದದ್ದು ನಮಗೆ 'ಹಲ್ಲಿಗೆ ಹೋಗಿದ್ದೆ' ಎಂದು ಕಂಡು ಮನೆಮಂದಿಯೆಲ್ಲ ನಕ್ಕದ್ದುಂಟು. ಬಾವಿಗೆ ನೀರು ಬಂದದ್ದು, ಅಪ್ಪನ ತಿಥಿಗೆ ಯಾರು ಬಂದರು ಯಾರು ಬರಲಿಲ್ಲ, ಹಿತ್ತಲಿನ ಪೇರಲ ಗಿಡ ಕಡಿಸಿದ್ದು, ಎಲ್ಲವೂ ಅದರಲ್ಲಿತ್ತು. ಆಮೇಲೆ ಮೊಬೈಲ್ ಬಂತು, ಅಕ್ಕ ಬರೆಯುವುದನ್ನು ಬಿಟ್ಟಳು, ನಾವು ಆ ಕಡೆ ಸುಳಿಯಲಿಲ್ಲ.

ಕಳೆದ ವರ್ಷ ಅಕ್ಕ ತೀರಿಕೊಂಡಳು. ಧಾರವಾಡದಿಂದ ಮರಳಿದ ರಾತ್ರಿ ಆ ಪತ್ರಗಳ ನೆನಪಾಯಿತು. ಪಾಸ್‌ವರ್ಡ್ ಮೂರನೆಯ ಸಲಕ್ಕೆ ಹತ್ತಿತು. ನಮ್ಮ ಹಳೆಯ ಸ್ಕೂಟರಿನ ನಂಬರು. ಬಾಗಿಲೇನೋ ತೆರೆಯಿತು. ಒಳಗೆ ಒಂದು ಪತ್ರವೂ ಇರಲಿಲ್ಲ. ಬಹುಕಾಲ ಬಳಸದ್ದರಿಂದ ಎಲ್ಲವನ್ನೂ ತೆಗೆದುಹಾಕಲಾಗಿದೆಯಂತೆ. ಕಂಪನಿಯ ಹೆಸರು ಬೇಡ; ಅಷ್ಟುದ್ದದ ಕರಾರನ್ನು ಓದದೆ 'ಒಪ್ಪಿಗೆ' ಎಂದು ಒತ್ತಿದವರು ನಾವೇ. ಅದೇ ಅಕ್ಕ 1970ರ ದಶಕದಲ್ಲಿ ಬರೆದ ಇನ್‌ಲ್ಯಾಂಡ್ ಪತ್ರಗಳು ಅಟ್ಟದ ಟ್ರಂಕಿನಲ್ಲಿ, ಹುಳು ತಿಂದು ಬಿಟ್ಟಷ್ಟಾದರೂ ಇವೆ.

ನಿಯಮ ಎಲ್ಲೆಡೆ ಹೆಚ್ಚುಕಡಿಮೆ ಹೀಗೆಯೇ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಪತ್ರ, ಫೋಟೋಗಳ ಸಮೇತ ಅಳಿಸಬಹುದೆಂದು ಗೂಗಲ್ 2023ರ ಮೇ ತಿಂಗಳಲ್ಲಿ ಸಾರಿ, ಅದೇ ಡಿಸೆಂಬರಿನಿಂದ ಜಾರಿಗೆ ತಂದಿತು. ಮರೆತುಹೋದ ಖಾತೆಗಳಿಗೆ ಹಳೆಯ ಪಾಸ್‌ವರ್ಡೇ ಇರುವುದರಿಂದ ಕಳ್ಳರು ಸುಲಭವಾಗಿ ನುಗ್ಗುತ್ತಾರೆಂಬುದು ಅವರ ಕಾರಣ. ಒಪ್ಪತಕ್ಕ ಮಾತೇ. ಅಳಿಸುವ ಮುಂಚೆ ಸೂಚನೆಯನ್ನೂ ಕಳಿಸುತ್ತಾರೆ: ಅದೇ ಖಾತೆಗೆ, ಮತ್ತು ನಾವು ಹಿಂದೊಮ್ಮೆ ಕೊಟ್ಟಿದ್ದರೆ ಇನ್ನೊಂದು ವಿಳಾಸಕ್ಕೆ. ಬೀಗ ಹಾಕಿದ ಮನೆಯೊಳಗೆ ಚೀಟಿ ಎಸೆದಂತೆ!

ಬ್ಯಾಂಕಿನವರೂ ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಖಾತೆಯನ್ನು ನಿಷ್ಕ್ರಿಯವೆನ್ನುತ್ತಾರೆ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ನಿಧಿಗೆ ಹೋಗುತ್ತದೆ. ಆದರೆ ಅದರ ಮೇಲೂ ವಾರಸುದಾರರು ಕಾಗದಪತ್ರ ಹಿಡಿದು ಹೋದರೆ ಹಣ ಸಿಗುತ್ತದೆ. ಇನ್ನೂರು ರೂಪಾಯಿಗಿರುವ ಈ ಮರ್ಯಾದೆ ಅಕ್ಕನ ಪತ್ರಕ್ಕಿಲ್ಲ. ಪುಕ್ಕಟೆ ಇಟ್ಟುಕೊಂಡವರನ್ನು ಕೇಳುವ ಬಾಯಿಯೂ ನಮಗಿಲ್ಲ.

ಈಗ ನಾವು ಬಳಸುವುದು ಗೂಗಲ್ ಖಾತೆ. ಅಲ್ಲಿ 2013ರಿಂದಲೇ ಒಂದು ಸೌಕರ್ಯವಿದೆ: ಇಷ್ಟು ತಿಂಗಳು ನಾವು ಕಾಣದಿದ್ದರೆ ಇಂಥವರಿಗೆ ತಿಳಿಸಿ, ಇಂತಿಂಥದನ್ನು ಅವರಿಗೆ ಕೊಡಿ ಎಂದು ಮೊದಲೇ ಬರೆದಿಡಬಹುದು. ಹತ್ತು ಜನರ ತನಕ ಹೆಸರು ಕೊಡಬಹುದು. ನಮಗೆ ಒಂದೇ ಸಾಕಾಯಿತು. ಪುಣೆಯಲ್ಲಿರುವ ಮಗಳಿಗೆ ಫೋನು ಮಾಡಿ ಹೀಗೀಗೆ ಎಂದೆವು.

"ಈಗ್ಯಾಕಪ್ಪಾ ಇದೆಲ್ಲಾ? ಆರಾಮ ಇದ್ದೀರಿಲ್ಲೋ?" ಎಂದಳು.

ಆರಾಮವಿದ್ದೇವೆಂದು ಹೇಳಿ, ಅವಳ ಇ-ಮೇಲ್ ವಿಳಾಸದ ಒಂದೊಂದೇ ಅಕ್ಷರವನ್ನು ಕೇಳಿ ಬರೆದುಕೊಂಡೆವು.