ಈ ಮನೇಲಿ ಊರೋರು ಯಾರು?

ಜನಸಂಖ್ಯೆಯ ಲೆಕ್ಕ ಪಠ್ಯಪುಸ್ತಕದಲ್ಲಿ ಬಲು ಸರಳ. ಹುಟ್ಟಿದವರನ್ನು ಕೂಡು, ಸತ್ತವರನ್ನು ಕಳೆ. ಬಂದವರನ್ನು ಕೂಡು, ಹೋದವರನ್ನು ಕಳೆ. ಬೆಂಗಳೂರಿನಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುವ ನಾನು ಪ್ರತಿವರ್ಷ ಇದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆಯುವಾಗ ಮಾತ್ರ ಮಳವಳ್ಳಿ ತಾಲ್ಲೂಕಿನ ನಮ್ಮ ಪೂರಿಗಾಲಿ ಅಡ್ಡ ಬರುತ್ತದೆ.

2001ರಲ್ಲಿ ಮಂಡ್ಯ ಜಿಲ್ಲೆಯ ಜನ 17,63,705. 2011ರಲ್ಲಿ 18,05,769. ಹತ್ತು ವರ್ಷಕ್ಕೆ ಇಡೀ ಜಿಲ್ಲೆಗೆ ಸೇರಿದ್ದು 42 ಸಾವಿರ ಚಿಲ್ಲರೆ, ಅಂದರೆ ಶೇ 2.4. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಉಬ್ಬಿತು. ನಮ್ಮ ಕಡೆ ಮನೆಗೆ ಎರಡೇ ಮಕ್ಕಳಾಗಿ ಬಹಳ ಕಾಲವಾಯಿತು, ನಿಜ. ಮಿಕ್ಕ ಕಥೆಯನ್ನು ಹಲಗೂರು, ಕನಕಪುರದ ಮೇಲೆ ಬೆಂಗಳೂರಿಗೆ ಹೋಗುವ ಬಸ್ಸುಗಳನ್ನು ಕೇಳಬೇಕು.

ಆದರೆ ವಲಸೆ ಎಂದರೆ ನಮ್ಮಂಥ ಗಂಡಸರು ಬ್ಯಾಗು ಹಿಡಿದು ಹೊರಟಿದ್ದು ಮಾತ್ರವಲ್ಲ. ಜನಗಣತಿಯಲ್ಲಿ ಹುಟ್ಟಿದ ಊರು ಯಾವುದು, ಈ ಮೊದಲು ಎಲ್ಲಿದ್ದಿರಿ, ಯಾಕೆ ಬಂದಿರಿ ಎಂದು ಕೇಳುತ್ತಾರೆ. ಕಾರಣಗಳ ಪಟ್ಟಿಯಲ್ಲಿ 'ಮದುವೆ'ಯೂ ಇದೆ. ದೇಶದ ಹೆಂಗಸರ ವಲಸೆಗೆ ಅದೇ ಎಲ್ಲಕ್ಕಿಂತ ದೊಡ್ಡ ಕಾರಣ. ಹತ್ತಿರದ ಊರುಗಳಿಗೆ ಹೋಗುವವರಲ್ಲಿ ಹೆಂಗಸರೇ ಹೆಚ್ಚೆಂದು ರಾವೆನ್‌ಸ್ಟೈನ್ 1885ರಲ್ಲೇ ಬ್ರಿಟನ್ನಿನ ಲೆಕ್ಕ ನೋಡಿ ಬರೆದಿದ್ದ. ನಮ್ಮವ್ವ ಕಾವೇರಿಯಾಚೆ ತಿ. ನರಸೀಪುರ ತಾಲ್ಲೂಕಿನವಳು. ಅಂದರೆ ಅಂತರಜಿಲ್ಲಾ ವಲಸಿಗಳು!

ಇದನ್ನು ಅವ್ವನಿಗೆ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು:

"ನಾನು ಬಂದೋಳು. ನೀನು ಹೋದೋನು. ನಿಮ್ಮಪ್ಪ ತೀರ್ಕೊಂಡ್ರು. ಹಂಗಾದ್ರೆ ಈ ಮನೇಲಿ ಊರೋರು ಅಂತ ಯಾರಪ್ಪಾ ಉಳಿದ್ರು?"

ಉಳಿದವನು ತಮ್ಮ. ಹುಟ್ಟಿದ ಊರಲ್ಲೇ ಇದ್ದಾನೆ, ಗದ್ದೆ ನೋಡಿಕೊಳ್ಳುತ್ತಾನೆ, ಮೂವತ್ತಾರಾದರೂ ಹೆಣ್ಣು ಸಿಕ್ಕಿಲ್ಲ. 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಟೀವಿಯವರು ನಕ್ಕರು. ತಮ್ಮ ನಗಲಿಲ್ಲ. ರೈತನಿಗೆ ಹೆಣ್ಣು ಕೊಡುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ಯಾರೂ ಜೋರಾಗಿ ಹೇಳುವುದಿಲ್ಲ. 2011ರಲ್ಲಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರು. ರಾಜ್ಯದ 973ಕ್ಕಿಂತ ಎಷ್ಟೋ ಮೇಲು. ಗಂಡಸರು ಊರು ಬಿಟ್ಟಷ್ಟೂ ಈ ಅಂಕಿ ಚೆಂದ ಕಾಣುತ್ತದೆ. ಆರು ವರ್ಷದವರೆಗಿನ ಮಕ್ಕಳನ್ನಷ್ಟೇ ಎಣಿಸಿದರೆ ಅದು 950ಕ್ಕೂ ಕೆಳಗಿಳಿಯುತ್ತದೆ. ಪಾದಯಾತ್ರೆ ನಡೆದ ವರ್ಷದ ಕೊನೆಯಲ್ಲೇ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತೆಂಬ ಪ್ರಕರಣ ಬಯಲಾಯಿತು. ಬೆಲ್ಲ ಕಾಯಿಸುವ ಜಾಗ. ಕೂಡುವ ಕಳೆಯುವ ನನ್ನ ಲೆಕ್ಕದಲ್ಲಿ ಹುಟ್ಟದೇ ಹೋದವರಿಗೆ ಮನೆಯೇ ಇಲ್ಲ.

2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಹೋಗಿದೆ. ಎಣಿಸುವವರು ಬಂದಾಗ ನನ್ನ ಹೆಸರನ್ನೂ ಬರೆಸುತ್ತೇನೆ ಎಂದು ಅವ್ವ ಹಟ ಹಿಡಿದಿದ್ದಾಳೆ. ಯಾವಾಗಲೂ ಎಲ್ಲಿರುತ್ತೇವೋ ಅಲ್ಲೇ ಲೆಕ್ಕ, ಎರಡು ಕಡೆ ಬರೆಸುವಂತಿಲ್ಲ ಎಂದೆ.

"ಬರೆಸಿದ್ರೆ ನಾನೇನು ಅನ್ನ ಹಾಕ್ಬೇಕಾ ಅವರ ಲೆಕ್ಕಕ್ಕೆ?" ಎಂದಳು. ತಮ್ಮ ಎದ್ದು ಗದ್ದೆಗೆ ನೀರು ಕಟ್ಟಲು ಹೋದ.