ಜಾಮ್ ಬಾಟಲಿಯಲ್ಲಿ ಬೇಟೆ

ಬಂಡೀಪುರಕ್ಕೆ ಬಂದವರ ಕಣ್ಣೆಲ್ಲ ಹುಲಿಯ ಮೇಲೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಸೇರಿದ ಕಾಡಲ್ಲವೇ! ಆದರೆ ಇದೇ ಸೀಮೆಯಲ್ಲಿ ಜೀಪು ಹತ್ತದೆಯೂ ಬೇಟೆ ನೋಡಬಹುದು. ಅದಕ್ಕೆ ಜಾಮ್ ಬಾಟಲಿ, ಭೂತಗನ್ನಡಿ, ಒಂದಿಷ್ಟು ಪುರಸೊತ್ತು ಇದ್ದರಾಯಿತು. ಕಾಡೊಳಗಿನ ನೀರಿಗೆ ಕೈ ಹಾಕುವುದು ಬೇಡ, ಗುಂಡ್ಲುಪೇಟೆ ಕಡೆಯ ಊರಕೆರೆಯೇ ಸಾಕು.

ನೀರಲ್ಲಿ ಮುಳುಗಿದ ಗಿಡದ ತುಣುಕು, ಕೊಳೆತ ಎಲೆಗಳನ್ನು ಕೆರೆನೀರಿನ ಸಮೇತ ಬಾಟಲಿಗೆ ತುಂಬಿ ತಂದು, ನೇರ ಬಿಸಿಲು ಬೀಳದ ಕಿಟಕಿಯಲ್ಲಿ ಇಡುತ್ತಾರೆ. ನಲ್ಲಿನೀರು ಬೆರೆಸಿದರೆ ಕ್ಲೋರಿನ್ ಕೆಲಸ ಕೆಡಿಸುತ್ತದೆ. ಒಂದೆರಡು ದಿನ ಅಲುಗಾಡಿಸದೆ ಬಿಟ್ಟರೆ, ಅದೃಷ್ಟವಿದ್ದವರಿಗೆ ಬೆಳಕಿನ ಕಡೆಯ ಗಾಜಿನ ಮೇಲೆ ಬಿಳಿ ನೂಲಿನಂಥದ್ದೊಂದು ಕಾಣುತ್ತದೆ. ಉದ್ದ ಸೆಂಟಿಮೀಟರಿಗೂ ಕಡಿಮೆ, ತುದಿಯಲ್ಲಿ ಕೆಲವು ತೆಳ್ಳನೆಯ ಎಳೆಗಳು. ಬಾಟಲಿಯನ್ನು ತಟ್ಟಿದರೆ ಮುದುಡಿ ಚುಕ್ಕೆಯಾಗುತ್ತದೆ.

ಅದೇ ಹೈಡ್ರಾ.

ಪುಟಾಣಿ ನೀರುಚಿಗಟವೊಂದು ಆ ಎಳೆಗೆ ತಾಗಿದ್ದೇ ತಡ, ಕುಟುಕು ಕಣಗಳು ಸಿಡಿದು ವಿಷದ ದಾರ ಚುಚ್ಚುತ್ತವೆ. ಚಿಗಟದ ಒದ್ದಾಟ ನಿಧಾನಕ್ಕೆ ನಿಲ್ಲುತ್ತದೆ. ಎಳೆಗಳು ಅದನ್ನು ಬಾಯಿಗೆ ಸಾಗಿಸುತ್ತವೆ. ನುಂಗಿದ ಮೇಲೂ ಆ ಉಬ್ಬು ಹೊರಗಿನಿಂದ ಕಾಣುತ್ತಿರುತ್ತದೆ. ಇಷ್ಟು ಹತ್ತಿರದಿಂದ ಬೇಟೆ ತೋರಿಸುವ ಸಫಾರಿ ಎಲ್ಲಿದೆ?

1740ರಲ್ಲಿ ಹಾಲೆಂಡಿನ ಹೇಗ್ ಬಳಿ ಮನೆಪಾಠ ಹೇಳುತ್ತಿದ್ದ ಅಬ್ರಹಾಂ ಟ್ರೆಂಬ್ಲೆಗೆ ಇದು ಗಿಡವೋ ಪ್ರಾಣಿಯೋ ಎಂಬ ಗೊಂದಲ. ಪರೀಕ್ಷಿಸಲು ಕತ್ತರಿಸಿ ನೋಡಿದ. ಎರಡು ತುಂಡುಗಳೂ ಬೆಳೆದು ಪೂರ್ತಿ ಹೈಡ್ರಾಗಳಾದವು. ಪಾಠ ಹೇಳುವ ಮೇಷ್ಟರ ಹವ್ಯಾಸವೊಂದು ಯುರೋಪಿನ ವಿದ್ವಾಂಸರನ್ನೆಲ್ಲ ಕಂಗೆಡಿಸಿತು.

ಹೊಟ್ಟೆ ತುಂಬಿದ ಹೈಡ್ರಾದ ಮೈಯಲ್ಲಿ ಮೊಗ್ಗು ಮೂಡುತ್ತದೆ. ಅದು ಬಲಿತು, ಕಳಚಿಕೊಂಡು, ತನ್ನ ಪಾಡಿಗೆ ತಾನು ಹೋಗುತ್ತದೆ. ಕಡಲಲ್ಲಿರುವ ಇದರ ಬಂಧು ಒಬೀಲಿಯಾದ್ದು ಕೂಡು ಕುಟುಂಬ. ಮೊಗ್ಗುಗಳು ಅಗಲುವುದಿಲ್ಲ, ಒಂದು ತಿಂದದ್ದು ಒಳಗಿನ ಕೊಳವೆಯಲ್ಲಿ ಹರಿದು ಉಳಿದವಕ್ಕೂ ಸಲ್ಲುತ್ತದೆ. ಉಣ್ಣುವವು ಬೇರೆ, ಸಂತಾನದ ಹೊಣೆ ಹೊತ್ತವು ಬೇರೆ. ಪ್ರಾಣಿಶಾಸ್ತ್ರ ಓದಿದವರು ಇದರ ಚಿತ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದೇ ಇರುತ್ತಾರೆ. ಜೀವಂತ ನೋಡಿದವರು ಕಡಿಮೆ.

ಇನ್ನೂ ವಿಚಿತ್ರದ್ದೊಂದಿದೆ. ಭಾರತದ ಕಡಲ ಸರ್ವೇ ಮಾಡುತ್ತಿದ್ದ ‘ಇನ್ವೆಸ್ಟಿಗೇಟರ್’ ಹಡಗಿನ ನಿಸರ್ಗತಜ್ಞ ಆಲ್ಕಾಕ್, ಬದುಕಿರುವ ಮೀನಿನ ಮೈಮೇಲೆಯೇ ಬಿಡಾರ ಹೂಡುವ ಸ್ಟೈಲಾಕ್ಟಿಸ್ ಮಿನೋಯಿ ಎಂಬ ಇಂಥ ಸಮೂಹಜೀವಿಯನ್ನು 1892ರಲ್ಲಿ ವರ್ಣಿಸಿದ.

ಕೆರೆಯಲ್ಲಿ ಕಣ್ಣು ಪಳಗಿದವರು ಕರಾವಳಿಗೆ ಹೋದಾಗ, ಇಳಿತದ ಹೊತ್ತಿನಲ್ಲಿ ಬಂಡೆಗೆ ಅಂಟಿದ ಪಾಚಿಯಂಥ ಕುಚ್ಚುಗಳನ್ನು ಅದೇ ಭೂತಗನ್ನಡಿಯಲ್ಲಿ ನೋಡಬಹುದು. ಬಾಟಲಿಗೆ ಮಾತ್ರ ಕಡಲನೀರೇ ಆಗಬೇಕು.